ಬೋರಿಗೆ ಮಳೆನೀರು ಇಳಿಸುವ ಮೊದಲು ರಾಡಿ ತಡೆಯಿರಿ

ಹಳ್ಳದ ಕೆನ್ನೀರನ್ನು ಬೋರಿನ ಬಾಯಿಗೆ ಇಳಿಸಿದ ಕೇಸಿಂಗ್ ಪೈಪಿಗೆ ನೇರ ಬಿಟ್ಟರೆ ಬೋರು ತುಂಬುವುದಿಲ್ಲ, ಹೂಳುತ್ತದೆ. ಬಂಡೆಯ ಸೀಳುಗಳಲ್ಲಿ ಒಮ್ಮೆ ಜೇಡಿ ಕೂತರೆ ಕಂಪ್ರೆಸರ್ ಹಚ್ಚಿ ಫ್ಲಶ್ ಮಾಡಿಸಿದರೂ ಪೂರ್ತಿ ಬಿಡುವುದು ಕಷ್ಟ.

ನೀರು ಸೋಸಿ ಇಳಿಸಲು ಬೋರಿನ ಸುತ್ತ ಒಂದು ಗುಂಡಿ ಬೇಕು. ಅದನ್ನು ತೋಡುವ ಮೊದಲು ನಿಮ್ಮ ಬೋರು ನೀರು ಕುಡಿಯುತ್ತದೋ ನೋಡಿ. ಒಂದು ಟ್ಯಾಂಕರ್ ತಿಳಿನೀರು ತರಿಸಿ ಪೈಪಿನೊಳಗೆ ಬಿಡಿ. ಸರಸರನೆ ಇಳಿದರೆ ಸರಿ. ಬಾಯಿಮಟ ತುಂಬಿ ನಿಂತರೆ ಅಲ್ಲಿ ದುಡ್ಡು ಸುರಿಯಬೇಡಿ.

ಇನ್ನು ಗುಂಡಿ. ಮೋಟರ್ ಮೇಲೆತ್ತಿಸಿ, ಕೇಸಿಂಗ್ ಸುತ್ತ ಉದ್ದ, ಅಗಲ, ಆಳ ಮೂರೂ 10 ಅಡಿ ಇರುವಂತೆ ತೋಡಿಸಿ. ಮುಂಡರಗಿ, ಶಿರಹಟ್ಟಿ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಬದಿ ನಿಂತೀತು. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಮಳೆ ಬಿದ್ದರೆ ಕುಸಿಯುತ್ತದೆ, ಕಲ್ಲು ಕಟ್ಟಿಸದೆ ಬಿಡಬೇಡಿ. ಗುಂಡಿಯ ತಳದ ಮಟ್ಟದಲ್ಲಿ ಪೈಪಿಗೆ ಸಣ್ಣ ತೂತು ಕೊರೆಸಿ, ನೈಲಾನ್ ಜಾಳಿಗೆ ಎರಡು ಸುತ್ತು ಸುತ್ತಿ ತಂತಿಯಿಂದ ಬಿಗಿಯಿರಿ. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ 40 ಎಂಎಂ ಖಡಿ, ಆಮೇಲೆ 20 ಎಂಎಂ, ಕೊನೆಗೆ ಜಾಳಿಗೆ ಹಾಸಿ ತೊಳೆದ ಉಸುಕು. ‘ತೊಳೆದ’ ಅಂದದ್ದು ಮೇಸ್ತ್ರಿಗಳಿಗೆ ಕೇಳಿಸುವುದೇ ಇಲ್ಲ. ಎದುರು ನಿಂತು ತೊಳೆಸಿ. ಒಂದು ಮುಷ್ಟಿ ಉಸುಕನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ. ನೀರು ಕದಡಿದರೆ ಇನ್ನೊಮ್ಮೆ ತೊಳೆಯಬೇಕು.

ಇಷ್ಟು ಹಟ ಯಾಕೆಂದರೆ, ನೆಲದೊಳಕ್ಕೆ ನೀರು ಕಳಿಸುವವರಿಗೆಲ್ಲ ಇದೇ ತಲೆನೋವು. ಭೂಶಾಖದಿಂದ ವಿದ್ಯುತ್ ತೆಗೆಯುವಲ್ಲಿ ಬಳಸಿದ ನೀರನ್ನು ಮತ್ತೆ ಭೂಮಿಗೆ ಇಳಿಸುತ್ತಾರೆ. ತಣಿದ ನೀರಿನಲ್ಲಿರುವ ಸಿಲಿಕಾ ಎಂಬ ಖನಿಜ ಪೊರೆಗಟ್ಟಿ ಅಲ್ಲೂ ಬಾವಿ ಕಟ್ಟಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ‘ಗೀಸರ್ಸ್’ ಎಂಬ ಭೂಶಾಖ ವಿದ್ಯುತ್ ಕ್ಷೇತ್ರದಲ್ಲಿ ಉಗಿ ಕಡಿಮೆಯಾದಾಗ 1997ರಿಂದ ಊರಿನ ಚರಂಡಿ ನೀರನ್ನೇ ನೆಲಕ್ಕೆ ಇಳಿಸತೊಡಗಿದರು, ಆದರೆ ಶುದ್ಧೀಕರಿಸಿ.

ನೀರು ಬರುವ ದಾರಿಯಲ್ಲಿ, ಗುಂಡಿಗೆ ಮುಂಚೆ, ಇನ್ನೊಂದು ಚಿಕ್ಕ ಗುಂಡಿ ಇರಲಿ. ರಾಡಿ ಅಲ್ಲೇ ತಂಗುತ್ತದೆ. ಕೃಷಿ ಹೊಂಡವಿದ್ದರೆ ಅದರ ಮೇಲಿನ ತಿಳಿನೀರನ್ನಷ್ಟೇ ತನ್ನಿ. ಮೊದಲ ಒಂದೆರಡು ಮಳೆಯ ನೀರನ್ನು ಬದಿಗೆ ಹರಿಸಿಬಿಡಿ. ದನದ ಕೊಟ್ಟಿಗೆಯ ನೀರು, ಈಗಷ್ಟೇ ಗೊಬ್ಬರ ಎರಚಿದ ಹೊಲದ ನೀರು ಬೇಡವೇ ಬೇಡ.

ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಇಷ್ಟೆಲ್ಲ ಬೇಕಿಲ್ಲ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಮಳೆಯಾದರೆ ಹತ್ತಿರಹತ್ತಿರ 1000 ಲೀಟರ್. ತಾರಸಿ ಗುಡಿಸಿಟ್ಟುಕೊಂಡು, ಡ್ರಮ್ಮಿಗೆ ಖಡಿ, ಉಸುಕು ತುಂಬಿ ಸೋಸಿದರೆ ನಡೆಯುತ್ತದೆ.

ಪ್ರತಿವರ್ಷ ರೋಹಿಣಿ ಮಳೆಗೆ ಮುಂಚೆ ಮೇಲಿನ ಅರ್ಧ ಅಡಿ ಉಸುಕು ಕೆರೆದು ತೆಗೆದು ಹೊಸದು ಹಾಕಿ. ಗುಂಡಿಯಲ್ಲಿ ನೀರು ದಿನಗಟ್ಟಲೆ ನಿಲ್ಲತೊಡಗಿದರೆ ಬೋರಿನವರನ್ನು ಕರೆಸುವ ಮೊದಲು ಆ ಪದರವನ್ನೇ ಅಗೆದು ನೋಡಿ.