ಕೊಡಗಿನಿಂದ ಡ್ರೆಸ್ಡೆನ್‌ಗೆ: ಮೊದಲ ಚಳಿಗಾಲ ದಾಟುವ ಬಗೆ

ಕೈಲ್‌ಪೊಳ್ದ್ ಹಬ್ಬ ಮುಗಿದ ಮಾರನೇ ದಿನ ಪಕ್ಕದ ಮನೆಗೆ ಹೋಗಿದ್ದೆ. ನಡುಮನೆ ತುಂಬ ಸಾಮಾನು ಹರಡಿತ್ತು. ಅವರ ಮಗಳು ಓದಲು ಜರ್ಮನಿಯ ಡ್ರೆಸ್ಡೆನ್‌ಗೆ ಹೊರಟಿದ್ದಾಳೆ, ನಾನು ನಾಲ್ಕು ವರ್ಷದಿಂದ ಇರುವ ಊರು ಅದೇ. ಅವಳ ಅಮ್ಮ ಒಂದು ಡಬ್ಬಿ ತುಪ್ಪ, ಒಣಗಿಸಿದ ಹಂದಿ ಮಾಂಸ, ತೋಟದ ಬೆಣ್ಣೆಹಣ್ಣು ಎಲ್ಲವನ್ನೂ ತೂಕ ಮಾಡುತ್ತಾ ಕೂತಿದ್ದರು. ಅಲ್ಲಿ ಎರಡು ಗಂಟೆ ಕೂತು ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ. ವೀಸಾ, ಬ್ಯಾಂಕ್, ಅಡ್ಮಿಷನ್ ವಿಷಯ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಇಳಿದ ಮೇಲೆ ಮನೆಯೊಳಗೆ, ಬೀದಿಯಲ್ಲಿ, ಅಡುಗೆಮನೆಯಲ್ಲಿ ಏನು ಮಾಡಬೇಕು ಅನ್ನುವುದು ಮಾತ್ರ ನನ್ನ ಪಾಲು.

ಮೊದಲು ಬ್ಯಾಗ್. ತುಪ್ಪ ಬೇಡ, ಮಾಂಸ ಬೇಡ. ಹಾಲಿನಿಂದ ಮಾಡಿದ್ದು ಮತ್ತು ಮಾಂಸ, ಎರಡನ್ನೂ ಭಾರತದಿಂದ ಯುರೋಪಿಯನ್ ಯೂನಿಯನ್ ಒಳಗೆ ಬ್ಯಾಗ್‌ನಲ್ಲಿ ತರುವಂತಿಲ್ಲ, ಒಣಗಿಸಿದ್ದಾದರೂ ಅಷ್ಟೇ. ಹಣ್ಣು ತರಕಾರಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಅನಾನಸ್, ತೆಂಗು, ಬಾಳೆ, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ಬೇಡ. ಹಾಗಾಗಿ ಬೆಣ್ಣೆಹಣ್ಣು, ಕಿತ್ತಳೆ ಮನೆಯಲ್ಲೇ ತಿಂದು ಹೊರಡಿ. ಜೇನುತುಪ್ಪ ಮಾತ್ರ 2 ಕಿಲೋವರೆಗೆ ಒಯ್ಯಬಹುದು, ಇದು ಕೇಳಿ ಅವರಮ್ಮನಿಗೆ ಎಷ್ಟು ಖುಷಿಯಾಯಿತು ಅಂದರೆ ಆಗಲೇ ಎದ್ದು ಒಳಗೆ ಹೋದರು. ಕರಿಮೆಣಸು, ಏಲಕ್ಕಿ, ಕಾಫಿಪುಡಿ ತೊಂದರೆ ಇಲ್ಲ. ಹಂದಿ ಮಾಂಸದ ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ, ಕಾಚಂಪುಳಿ, ಖಂಡಿತ ಒಯ್ಯಿರಿ, ಅದು ಅಲ್ಲಿ ಎಲ್ಲೂ ಸಿಗುವುದಿಲ್ಲ. ಸಣ್ಣ ಬಾಟಲಿ, ಬಿಗಿ ಮುಚ್ಚಳ, ಮೇಲೆ ಎರಡು ಪ್ಲಾಸ್ಟಿಕ್ ಕವರ್, ಚೆಕ್-ಇನ್ ಬ್ಯಾಗ್‌ನ ನಡುವೆ. ದಪ್ಪ ಜಾಕೆಟ್ ಇಲ್ಲಿ ಕೊಳ್ಳಬೇಡಿ, ಮಡಿಕೇರಿ ಚಳಿಗೆ ಹೊಲಿದದ್ದು ಅಲ್ಲಿನ ಮೈನಸ್ ಡಿಗ್ರಿಗೆ ಸಾಲುವುದಿಲ್ಲ.

ಮನೆ ಸಿಕ್ಕ ದಿನವೇ ಎರಡು ಕೆಲಸ ಮಾಡಿ. ಒಂದು, ಬಾಗಿಲ ಬೆಲ್‌ಗೂ ಟಪಾಲು ಪೆಟ್ಟಿಗೆಗೂ ನಿಮ್ಮ ಹೆಸರು ಅಂಟಿಸಿ. ಅಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಅನ್ನುವುದೇ ಇಲ್ಲ. ಬೀದಿ, ಕಟ್ಟಡದ ನಂಬರ್, ನಿಮ್ಮ ಮನೆಹೆಸರು, ಅಷ್ಟೇ ವಿಳಾಸ. ನಮ್ಮ ಕಡೆ ಮನೆಹೆಸರು ಹೇಳಿದರೆ ಪೋಸ್ಟ್‌ಮ್ಯಾನ್ ತೋಟದ ದಾರಿ ಹಿಡಿದು ಬರುತ್ತಾರಲ್ಲ, ಅದೇ ಪದ್ಧತಿ ಅಂದುಕೊಳ್ಳಿ. ಆದರೆ ಅಲ್ಲಿನ ಪೋಸ್ಟ್‌ಮ್ಯಾನ್‌ಗೆ ನೀವು ಗೊತ್ತಿಲ್ಲ, ಪೆಟ್ಟಿಗೆ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ಪಾಸ್‌ಪೋರ್ಟ್‌ನಲ್ಲಿ ಯಾವುದು ಸರ್‌ನೇಮ್ ಅಂತ ಇದೆಯೋ ಅದನ್ನೇ ಬರೆಯಿರಿ, ಮನೆಯಲ್ಲಿ ಕರೆಯುವ ಹೆಸರು ಬೇಡ. ನಾನು ಇನಿಷಿಯಲ್ ಹಾಕಿ ಬರೆದಿದ್ದೆ, ಬ್ಯಾಂಕ್ ಕಾರ್ಡ್ ಮೂರು ವಾರ ಎಲ್ಲೆಲ್ಲೋ ಸುತ್ತಿತು. ಎರಡು, ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ಬ್ಯುರ್ಗರ್‌ಬ್ಯೂರೊ ಎಂಬ ನಗರ ಕಚೇರಿಗೆ ಹೋಗಿ ಮಾಡಿಸಬೇಕು, ಮನೆ ಕೊಟ್ಟವರ ಸಹಿ ಇರುವ ಒಂದು ದೃಢೀಕರಣ ಪತ್ರ ಬೇಕು. ಅದನ್ನು ಬೀಗದ ಕೈ ಇಸ್ಕೊಳ್ಳುವಾಗಲೇ ಕೇಳಿ.

ಸ್ವಲ್ಪ ದಿನದಲ್ಲಿ ರೇಡಿಯೊ ಟಿವಿ ಶುಲ್ಕ ಕಟ್ಟಿ ಅಂತ ಒಂದು ಕಾಗದ ಬರುತ್ತದೆ. ನಮ್ಮ ಹತ್ತಿರ ಟಿವಿಯೇ ಇಲ್ಲ, ಇದು ಮೋಸ ಅಂತ ಹರಿದು ಹಾಕಬೇಡಿ. ನಿಜವಾದದ್ದೇ ಅದು. ತಿಂಗಳಿಗೆ 18.36 ಯೂರೊ, ಆದರೆ ಒಂದು ಮನೆಗೆ ಒಂದೇ. ಮೂವರು ಹಂಚಿಕೊಂಡು ಇದ್ದರೆ ಒಬ್ಬರು ಕಟ್ಟಿದರೆ ಸಾಕು, ಉಳಿದವರು ಕಟ್ಟುವವರ ಶುಲ್ಕ ಖಾತೆಯ ನಂಬರ್ ಕೊಟ್ಟು ಉತ್ತರ ಬರೆದರೆ ಆಯಿತು.

ಈಗ ಬೂಷ್ಟಿನ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮೂರಿನವರು ತಪ್ಪುವುದು ಇಲ್ಲೇ.

ನಮಗೆ ಬೂಷ್ಟು ಹೊಸದಲ್ಲ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಬೀರು ತೆಗೆದರೆ ಬೆಲ್ಟ್, ಶೂ, ಮದುವೆ ಕೋಟು ಎಲ್ಲದರ ಮೇಲೂ ಬಿಳಿ ಪುಡಿ. ಆಗ ಏನು ಮಾಡುತ್ತೇವೆ? ಕಿಟಕಿ ಮುಚ್ಚುತ್ತೇವೆ, ಒಲೆ ಹಚ್ಚುತ್ತೇವೆ, ಒಲೆ ಮೇಲಿನ ಅಟ್ಟದಲ್ಲಿ ಬಟ್ಟೆ ಒಣಗಿಸುತ್ತೇವೆ. ಅದು ಸರಿ, ಯಾಕೆಂದರೆ ನಮ್ಮಲ್ಲಿ ತೇವ ಹೊರಗಿನಿಂದ ಒಳಗೆ ಬರುತ್ತದೆ. ಅಲ್ಲಿ ಪೂರ್ತಿ ಉಲ್ಟಾ. ಚಳಿಗಾಲದ ಹೊರಗಿನ ಗಾಳಿ ತಣ್ಣಗಿರುತ್ತದೆ, ಅದರಲ್ಲಿ ನೀರಿನ ಅಂಶ ತುಂಬಾ ಕಡಿಮೆ. ತೇವ ಹುಟ್ಟುವುದು ಒಳಗೆ: ನಮ್ಮ ಉಸಿರು, ಬಿಸಿನೀರಿನ ಸ್ನಾನ, ಅನ್ನದ ಹಬೆ, ರೂಮಿನಲ್ಲಿ ಹರಡಿದ ಬಟ್ಟೆ. ಕಿಟಕಿಗಳು ಗಾಳಿ ಹೋಗದಷ್ಟು ಬಿಗಿ, ಆ ತೇವ ಹೊರಗೆ ಹೋಗಲು ದಾರಿಯೇ ಇಲ್ಲ. ತಣ್ಣಗಿನ ಹೊರಗೋಡೆಗೆ ತಾಗಿ ನೀರಾಗುತ್ತದೆ, ಅಲ್ಲೇ ಕಪ್ಪು ಬೂಷ್ಟು ಹತ್ತುತ್ತದೆ. ನಾನು ಮೊದಲ ನವೆಂಬರ್‌ನಲ್ಲಿ ಊರಿನ ಅಭ್ಯಾಸದಂತೆ ಎಲ್ಲ ಕಿಟಕಿ ಮುಚ್ಚಿ ಬೆಚ್ಚಗೆ ಕೂತೆ. ಡಿಸೆಂಬರ್‌ಗೆ ಮಂಚದ ಹಿಂದಿನ ಗೋಡೆ ಕಪ್ಪಾಗಿತ್ತು, ಮನೆ ಬಿಡುವಾಗ ಡಿಪಾಸಿಟ್‌ನಿಂದ 300 ಯೂರೊ ಹೋಯಿತು.

ಹಾಗಾಗಿ ಹೀಗೆ ಮಾಡಿ. ದಿನಕ್ಕೆ ಮೂರು ನಾಲ್ಕು ಸಲ ಕಿಟಕಿಯನ್ನು ಪೂರ್ತಿ ತೆಗೆಯಿರಿ, ಆಗುವುದಾದರೆ ಎದುರುಬದುರು ಕಿಟಕಿ, ಐದರಿಂದ ಹತ್ತು ನಿಮಿಷ. ಇದಕ್ಕೆ ಅವರು ಶ್ಟೋಸ್‌ಲ್ಯುಫ್ಟೆನ್ ಅನ್ನುತ್ತಾರೆ. ಹೊರಗೆ ಮೈನಸ್ ಐದು ಇದ್ದರೂ, ಮಂಜು ಬೀಳುತ್ತಿದ್ದರೂ ತೆಗೆಯಿರಿ. ತೆಗೆಯುವ ಮುಂಚೆ ಹೀಟರ್ ತಿರುಗಿಸಿ ಆಫ್ ಮಾಡಿ. ಅಲ್ಲಿನ ಕಿಟಕಿ ಹಿಡಿ ಮೇಲಕ್ಕೆ ತಿರುಗಿಸಿದರೆ ಬರೀ ಮೇಲ್ಭಾಗ ಓರೆಯಾಗಿ ತೆರೆಯುತ್ತದೆ, ದಿನವಿಡೀ ಹಾಗೆ ಬಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಜಾಸ್ತಿ. ಹೀಟರ್ ಮೇಲಿನ 3 ನಂಬರ್ ಅಂದರೆ ಸುಮಾರು 20 ಡಿಗ್ರಿ, 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ, ಬಿಲ್ ಮಾತ್ರ ಏರುತ್ತದೆ. ಬೀರು, ಮಂಚವನ್ನು ಹೊರಗೋಡೆಯಿಂದ ಒಂದು ಗೇಣು ದೂರ ಇಡಿ. ಬಟ್ಟೆ ಒಣಗಿಸಲು ಕಟ್ಟಡದ ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ಜಾಗ ಇದೆಯಾ ಕೇಳಿ. ಹತ್ತು ಯೂರೊ ಆಸುಪಾಸಿಗೆ ಸಿಗುವ ತೇವ ಅಳೆಯುವ ಮೀಟರ್ ಒಂದು ತಂದಿಡಿ, ಅದು ಶೇಕಡಾ 40ರಿಂದ 60ರ ಒಳಗಿರಲಿ. ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ನನಗೆ ಈಗ ಇಷ್ಟವೇ ಆಗುತ್ತದೆ, ಬೆಳಗ್ಗೆ ಎದ್ದು ಬಾಗಿಲು ತೆಗೆದು ಅಂಗಳಕ್ಕೆ ಬಂದ ಹಾಗೆ.

ನೆಲಮಾಳಿಗೆ ಅಂದಾಗ ಇನ್ನೊಂದು ಮಾತು. ಎಲ್ಬೆ ನದಿ ಹತ್ತಿರ ಮನೆಯಾದರೆ ಸರ್ಟಿಫಿಕೇಟ್, ಪುಸ್ತಕ ಅಲ್ಲಿ ಇಡಬೇಡಿ. 2002ರ ಆಗಸ್ಟ್ 17ರಂದು ಡ್ರೆಸ್ಡೆನ್‌ನಲ್ಲಿ ಎಲ್ಬೆ 9.40 ಮೀಟರ್ ಏರಿತ್ತು. ದಡದ ಹಳೆಯ ಗೋಡೆಗಳ ಮೇಲೆ ಆ ನೀರಿನ ಗುರುತು ಬರೆದಿಟ್ಟಿದ್ದಾರೆ. ನಮ್ಮ ಮನೆ ಮಾದಾಪುರದ ಹತ್ತಿರ, 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನು ನೋಡಿದವರು ನಾವು. ಮೊದಲ ಸಲ ಆ ಗೆರೆ ನನ್ನ ತಲೆಗಿಂತ ಮೇಲಿರುವುದು ಕಂಡಾಗ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ, ಅಲ್ವಾ. ಹಾಗಾಗಿ ಟ್ರಾಮ್, ರೈಲು ಎರಡೂ ನಮಗೆ ಹೊಸತು. ಹಳದಿ ಟ್ರಾಮ್ ಹತ್ತುವಾಗ ಯಾರೂ ಟಿಕೆಟ್ ಕೇಳುವುದಿಲ್ಲ. ಮೆಷಿನ್‌ನಲ್ಲಿ ಕೊಂಡ ಕಾಗದದ ಟಿಕೆಟ್ ಆದರೆ ಹತ್ತಿದ ತಕ್ಷಣ ಒಳಗಿನ ಸಣ್ಣ ಡಬ್ಬಿಯಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಟಿಕೆಟ್ ಕೈಯಲ್ಲಿದ್ದೂ ಮುದ್ರೆ ಇಲ್ಲದಿದ್ದರೆ 60 ಯೂರೊ ದಂಡ. ಇಡೀ ದೇಶದ ಟ್ರಾಮ್, ಬಸ್, ಲೋಕಲ್ ರೈಲಿಗೆ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ವಿದ್ಯಾರ್ಥಿಗಳು ಅದನ್ನು ಕೊಳ್ಳುವ ಮೊದಲು ಸೆಮಿಸ್ಟರ್ ಫೀಸ್‌ನಲ್ಲೇ ಸೇರಿದೆಯಾ ನೋಡಿ. ಕೊಂಡ ಟಿಕೆಟ್ ಮುಂದಿನ ತಿಂಗಳಿಂದ ಬೇಡ ಅನಿಸಿದರೆ ಈ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಬೇಕು. ಐಸಿಇ, ಐಸಿ ಅನ್ನುವ ವೇಗದ ರೈಲಿಗೆ ಅದು ನಡೆಯುವುದಿಲ್ಲ.

ಭಾನುವಾರ ಅಂಗಡಿ ಮುಚ್ಚಿರುತ್ತದೆ. ಎಲ್ಲ ಅಂದರೆ ಹೆಚ್ಚುಕಮ್ಮಿ ಎಲ್ಲ. ಮಡಿಕೇರಿಯ ಶುಕ್ರವಾರದ ಸಂತೆ ತಪ್ಪಿದರೆ ವಾರದ ತರಕಾರಿ ತಪ್ಪಿದ ಹಾಗೆ, ಶನಿವಾರ ಸಂಜೆಯನ್ನು ಸಂತೆ ದಿನ ಮಾಡಿಕೊಳ್ಳಿ. ಮರೆತರೆ ದೊಡ್ಡ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿ ತೆರೆದಿರುತ್ತದೆ. ನವೆಂಬರ್‌ನಲ್ಲಿ ಒಂದು ಬುಧವಾರವೂ ಮುಚ್ಚಿರುತ್ತದೆ, ಪಶ್ಚಾತ್ತಾಪ ಮತ್ತು ಪ್ರಾರ್ಥನೆಯ ದಿನ ಅಂತ. ಜರ್ಮನಿಯಲ್ಲಿ ಸಾಕ್ಸನಿ ರಾಜ್ಯದಲ್ಲಿ ಮಾತ್ರ ಅದಕ್ಕೆ ರಜೆ, ಡ್ರೆಸ್ಡೆನ್ ಅದರ ರಾಜಧಾನಿ. ಬೇರೆ ಊರಿನಲ್ಲಿರುವ ಸ್ನೇಹಿತರು ಯಾರೂ ಇದನ್ನು ಹೇಳುವುದಿಲ್ಲ.

ಬಾಟಲಿ ಎಸೆಯಬೇಡಿ. ನೀರು, ಸೋಡಾದ ಪ್ಲಾಸ್ಟಿಕ್ ಬಾಟಲಿ ಮತ್ತು ಕ್ಯಾನ್‌ಗೆ ಕೊಳ್ಳುವಾಗಲೇ 25 ಸೆಂಟ್ ಠೇವಣಿ ಸೇರಿಸಿರುತ್ತಾರೆ, ಬಿಯರ್ ಗಾಜಿನ ಬಾಟಲಿಗೆ ಸಾಮಾನ್ಯವಾಗಿ 8 ಸೆಂಟ್. ಸೂಪರ್ ಮಾರ್ಕೆಟ್‌ನ ಮೆಷಿನ್‌ಗೆ ಹಾಕಿದರೆ ಚೀಟಿ ಬರುತ್ತದೆ, ಕ್ಯಾಷಿಯರ್‌ಗೆ ಕೊಟ್ಟರೆ ದುಡ್ಡು. ಉಪ್ಪಿನಕಾಯಿ, ಜಾಮ್ ಬಾಟಲಿಗೆ ಠೇವಣಿ ಇಲ್ಲ. ಅವನ್ನು ಬೀದಿಯ ಗಾಜಿನ ಡಬ್ಬಕ್ಕೆ ಬಣ್ಣ ನೋಡಿ ಹಾಕಿ, ರಾತ್ರಿ ಮತ್ತು ಭಾನುವಾರ ಬೇಡ, ಸದ್ದಾಗುತ್ತದೆ. ನಲ್ಲಿ ನೀರು ಸುಮ್ನೆ ಹಾಗೇ ಕುಡಿಯಬಹುದು, ಕುದಿಸಬೇಕಿಲ್ಲ.

ಊಟಕ್ಕೆ ವಿಯೆಟ್ನಾಂ ಅಂಗಡಿ ಹುಡುಕಿ. ಹಳೆಯ ಪೂರ್ವ ಜರ್ಮನಿ ಇದ್ದಾಗ ಕೆಲಸಕ್ಕೆ ಬಂದ ವಿಯೆಟ್ನಾಮಿನವರು ತುಂಬ ಜನ ಅಲ್ಲೇ ಉಳಿದಿದ್ದಾರೆ, ಅವರ ಅಂಗಡಿಯಲ್ಲಿ ಎಳೆ ಬಿದಿರಿನ ಕಣಿಲೆ ಡಬ್ಬಿ, ಹಸಿಮೆಣಸು, ಒಳ್ಳೆಯ ಅಕ್ಕಿ ಸಿಗುತ್ತದೆ. ಅಕ್ಕಿಹಿಟ್ಟು ಕೊಳ್ಳುವಾಗ ಎಚ್ಚರ. ಮೂರು ತಲೆಯ ಆನೆ ಚಿತ್ರದ ಥಾಯ್ ಪ್ಯಾಕೆಟ್‌ನಲ್ಲಿ ಕೆಂಪು ಅಕ್ಷರದ್ದು ಸಾದಾ ಅಕ್ಕಿಹಿಟ್ಟು, ಅಕ್ಕಿ ಒಟ್ಟಿ ಅಂದರೆ ನಮ್ಮ ಅಕ್ಕಿ ರೊಟ್ಟಿಗೆ ಅದೇ. ಹಸಿರು ಅಕ್ಷರದ್ದು ಅಂಟಕ್ಕಿ ಹಿಟ್ಟು, ಕೈಗೂ ಕಾವಲಿಗೂ ಅಂಟಿ ಕೂರುತ್ತದೆ. ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಕಡುಬಿಗೆ, ಅಕ್ಕಿ ತೊಳೆದು ಆರಿಸಿ ಮಿಕ್ಸಿಯಲ್ಲಿ ತರಿ ಮಾಡಿಕೊಳ್ಳಿ. ಪಂದಿ ಕರಿಗೆ ಕಟುಕರ ಅಂಗಡಿಯಲ್ಲಿ ಶ್ವೈನೆಬೌಖ್ ಕೇಳಿ, ಅದು ಹಂದಿಯ ಹೊಟ್ಟೆ ಭಾಗ. ಜೊತೆಗೆ ಮಿಟ್ ಶ್ವಾರ್ಟೆ ಅನ್ನಿ, ಚರ್ಮ ಸಮೇತ ಕೊಡುತ್ತಾರೆ. ಮಸಾಲೆ ಹುರಿಯುವಾಗ ಮಾತ್ರ ಕಿಟಕಿ ತೆಗೆದು ಅಡುಗೆಮನೆ ಬಾಗಿಲು ಮುಚ್ಚಿ, ಇಲ್ಲದಿದ್ದರೆ ಹೊಗೆಯ ಅಲಾರಾಂ ಕೂಗುತ್ತದೆ.

ಇನ್ನು ಕಾಫಿ. ಕಾಫಿಯನ್ನು ಕಾಗದದಲ್ಲಿ ಸೋಸುವ ಉಪಾಯ ಹುಟ್ಟಿದ್ದು ಡ್ರೆಸ್ಡೆನ್‌ನಲ್ಲೇ. 1908ರಲ್ಲಿ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ ತೂತು ಮಾಡಿದ ಹಿತ್ತಾಳೆ ಪಾತ್ರೆಗೆ ಮಗನ ನೋಟ್‌ಬುಕ್‌ನ ಬ್ಲಾಟಿಂಗ್ ಪೇಪರ್ ಹಾಕಿ ಸೋಸಿದರು, ಅದನ್ನೇ ನೋಂದಾಯಿಸಿ ಕಂಪನಿ ಕಟ್ಟಿದರು. ಕಾಫಿ ಗಿಡದ ನಡುವೆ ಬೆಳೆದ ನನಗೆ ಇದು ಗೊತ್ತಾದ ದಿನ ಆ ಊರು ಸ್ವಲ್ಪ ನಮ್ಮದು ಅನಿಸಿತು. ಅಲ್ಲಿನ ತೆಳು ಕಾಫಿಗೆ ಸಾಕ್ಸನಿಯವರೇ ಇಟ್ಟ ಹೆಸರು ಬ್ಲ್ಯೂಮ್ಶೆನ್‌ಕಫೆ, ಹೂವಿನ ಕಾಫಿ: ಕಪ್ಪಿನ ತಳದಲ್ಲಿ ಬಿಡಿಸಿದ ಹೂವು ಕಾಣುವಷ್ಟು ತೆಳು. ನಮ್ಮ ಡಿಕಾಕ್ಷನ್ ಬೇಕಿದ್ದರೆ ಊರಿನ ಸ್ಟೀಲ್ ಫಿಲ್ಟರ್ ಒಯ್ಯಿರಿ. ಅಂಗಡಿಯ ಸಾದಾ ಪ್ಯಾಕೆಟ್ ಬಹಳಷ್ಟು ಬರೀ ಅರೇಬಿಕಾ, ಅದರಲ್ಲಿ ನಮಗೆ ಬೇಕಾದ ಗಟ್ಟಿತನ ಬರುವುದಿಲ್ಲ. ರೊಬಸ್ಟಾ ಸೇರಿದ ಎಸ್ಪ್ರೆಸೊ ಹುರಿ ನೋಡಿ ತನ್ನಿ. ಹುರಿದ ಕಾಫಿಗೆ ಅಲ್ಲಿ ಕಿಲೋಗೆ 2.19 ಯೂರೊ ಪ್ರತ್ಯೇಕ ತೆರಿಗೆ ಇದೆ, ಬೆಲೆ ಕೇಳಿ ಗಾಬರಿಯಾಗಬೇಡಿ. ಭಾರತದ ಕಾಫಿ ಜಾಸ್ತಿ ಕೊಳ್ಳುವ ದೇಶಗಳಲ್ಲಿ ಜರ್ಮನಿಯೂ ಒಂದು, ಆದರೂ ಮಿಶ್ರಣದ ಪ್ಯಾಕೆಟ್ ಮೇಲೆ ಅಪ್ಪ ಕಾಫಿ ಬೆಳೆದ ಊರಿನ ಹೆಸರು ಹುಡುಕಿದರೆ ಸಿಗುವುದು ಅಪರೂಪ.

ಕಾಡಿಗೆ ಹೋಗಿ, ಖಂಡಿತ ಹೋಗಿ. ಊರಿನ ಪಕ್ಕದಲ್ಲೇ ಡ್ರೆಸ್ಡ್ನರ್ ಹೈಡೆ ಎಂಬ ದೊಡ್ಡ ಕಾಡಿದೆ. ಆನೆ ಇಲ್ಲದ ಕಾಡಿನಲ್ಲಿ ಒಬ್ಬಳೇ ನಡೆಯುವುದು ಹೇಗಿರುತ್ತದೆ ಅಂತ ನನಗೆ ಅಲ್ಲೇ ಗೊತ್ತಾಗಿದ್ದು. ಆದರೆ ಎರಡು ವಿಷಯಕ್ಕೆ ಊರಿನ ತಿಳಿವಳಿಕೆ ಬಳಸಬೇಡಿ. ನಮಗೆ ಜಿಗಣೆ ಅಂದರೆ ಉಪ್ಪು, ಸುಣ್ಣ, ಕಥೆ ಮುಗಿಯಿತು. ಅಲ್ಲಿ ಇರುವುದು ರಕ್ತ ಹೀರುವ ಉಣ್ಣಿ, ಟ್ಸೆಕೆ ಅನ್ನುತ್ತಾರೆ. ಅದಕ್ಕೆ ಉಪ್ಪು, ಎಣ್ಣೆ, ಬೆಂಕಿ ಏನೂ ತಾಗಿಸಬೇಡಿ, ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಕಚ್ಚಿದ ಜಾಗದ ಸುತ್ತ ಕೆಂಪು ಬಳೆ ಕಂಡರೆ ಡಾಕ್ಟರ್ ಹತ್ತಿರ ಹೋಗಿ. ಅದು ತರುವ ಮಿದುಳು ಜ್ವರಕ್ಕೆ ಲಸಿಕೆ ಇದೆ, ಕೇಳಿ ಹಾಕಿಸಿಕೊಳ್ಳಿ. ಎರಡನೆಯದು ಅಣಬೆ. ಮಳೆ ಬಿದ್ದ ಮೇಲೆ ಕಾಡಿನಲ್ಲಿ ಅಣಬೆ ಕಂಡರೆ ನಮ್ಮ ಕೈ ತಾನಾಗಿ ಬಗ್ಗುತ್ತದೆ, ಗೊತ್ತು. ಬೇಡ. ಡೆತ್ ಕ್ಯಾಪ್ ಎಂಬ ವಿಷದ ಅಣಬೆ ಬೇರೆ ದೇಶದಿಂದ ಬಂದವರಿಗೆ ತಮ್ಮೂರಿನ ಒಳ್ಳೆಯ ಅಣಬೆಯಂತೆ ಕಾಣುತ್ತದೆ. ತಿಂದ ಮೇಲೆ ಆರು ಗಂಟೆಗೂ ಜಾಸ್ತಿ ಹೊತ್ತು ಏನೂ ಆಗದಿರಬಹುದು, ಆಮೇಲೆ ಲಿವರ್ ಹಾಳಾಗುತ್ತದೆ. ಗೊತ್ತಿರುವ ಅಲ್ಲಿನವರ ಜೊತೆ ಹೋಗಿ, ಅವರು ಕೈಗೆ ಕೊಟ್ಟದ್ದು ಮಾತ್ರ ತನ್ನಿ. ತುರ್ತಿಗೆ 112. ರಾತ್ರಿ ಜ್ವರ ಬಂದು ಡಾಕ್ಟರ್ ಬೇಕು, ಆದರೆ ಜೀವಕ್ಕೆ ಅಪಾಯ ಇಲ್ಲ ಅನ್ನುವಾಗ 116117.

ಭಾಷೆ ಕಲಿತೇ ಹೋಗಿರುತ್ತೀರಿ. ಹೌದು ಅನ್ನಲು ಯಾ ಅಂತ ಕಲಿಸಿರುತ್ತಾರೆ. ಡ್ರೆಸ್ಡೆನ್‌ನ ಬೇಕರಿಯ ಅಜ್ಜಿ ಹೇಳುವುದು ನೂ. ಬನ್ ಇದೆಯಾ ಅಂತ ಕೇಳಿದೆ, ನೂ ಅಂದರು, ಇಲ್ಲ ಅಂದುಕೊಂಡು ವಾಪಸ್ ಬಂದೆ. ಮೂರನೇ ದಿನ ಅವರೇ ಕರೆದು ಬನ್ ಕೈಗಿಟ್ಟರು. ನೂ ಅಂದರೆ ಹೂಂ. ನೀವೂ ಒಮ್ಮೆ ನೂ ಅನ್ನಿ, ಮುಖ ಅರಳುತ್ತದೆ.

ಡಿಸೆಂಬರ್‌ನಲ್ಲಿ ಬೆಳಗ್ಗೆ ಎಂಟಕ್ಕೆ ಸೂರ್ಯ, ಸಂಜೆ ನಾಲ್ಕಕ್ಕೆ ಕತ್ತಲು. ಮಧ್ಯಾಹ್ನ ಅರ್ಧ ಗಂಟೆಯಾದರೂ ಹೊರಗೆ ನಡೆಯಿರಿ, ಮನೆಗೆ ಫೋನ್ ಕೂಡ ಆಗಲೇ ಮಾಡಿ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಮೇಲೆ ಊರಿಗೂ ಅಲ್ಲಿಗೂ ನಾಲ್ಕೂವರೆ ಗಂಟೆ ಅಂತರ. ಮಾರ್ಚ್ ಕೊನೆಯ ಭಾನುವಾರದಿಂದ ಮೂರೂವರೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಕತ್ತಲಾದ ಮೇಲೆ ಆನೆ ತೋಟಕ್ಕೆ ಇಳಿಯುತ್ತದೆ ಅಂತ ಅಮ್ಮನನ್ನು ಅಲ್ಲಿ ನಿಲ್ಲಿಸಲು ಮನಸ್ಸಾಗುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ನಾನು ಫೋನ್ ಮಾಡುವುದು ಅಲ್ಲಿನ ಮಧ್ಯಾಹ್ನ ಒಂದಕ್ಕೆ, ಊಟದ ಬಿಡುವಿನಲ್ಲಿ. ಆಗ ಮನೆಯಲ್ಲಿ ಐದೂವರೆ, ಇನ್ನೂ ಬೆಳಕಿರುತ್ತದೆ.