ಕಮರದ ತೊಲೆಯಿಂದ ಬ್ಯಾಗ್‌ಪೈಪ್

ಚಾಮರಾಜಪೇಟೆಯ ಒಂದು ಹಳೇ ಮನೆ ಕೆಡವಿದಾಗ ಬಂದ ತೊಲೆಯ ತುಂಡು ಅದು. ಮೈಸೂರು ರಸ್ತೆಯ ಟಿಂಬರ್ ಡಿಪೋದಲ್ಲಿ ಮೂಲೆಗೆ ಬಿದ್ದಿತ್ತು. ಆರಿಂಚು ದಪ್ಪ, ನಾಲ್ಕಡಿ ಉದ್ದ. ಒಬ್ಬನೇ ಎತ್ತಲು ಆಗಲಿಲ್ಲ. ಒಂದು ಚಕ್ಕೆ ಕೆತ್ತಿ ನೀರಿಗೆ ಹಾಕಿದೆ, ಕಲ್ಲಿನ ಹಾಗೆ ತಳ ಸೇರಿತು. ಮಲ್ಲೇಶ್ವರದ ವುಡ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ತೋರಿಸಿದ ಮೇಲೆ ಅದು ಕಮರ ಎಂದು ಗೊತ್ತಾಯಿತು.

ಸ್ಕಾಟ್ಲೆಂಡಿನ ಬ್ಯಾಗ್‌ಪೈಪನ್ನು, ಅಂದರೆ ಚೀಲಕ್ಕೆ ಗಾಳಿ ತುಂಬಿ ನುಡಿಸುವ ವಾದ್ಯವನ್ನು, ಈಗ ಹೆಚ್ಚಾಗಿ ಆಫ್ರಿಕಾದ ಬ್ಲ್ಯಾಕ್‌ವುಡ್‌ನಲ್ಲಿ ಮಾಡುತ್ತಾರೆ. ನಮ್ಮ ಬೀಟೆಯ ಜಾತಿಯ ಮರವೇ. ಅದನ್ನು ತರಿಸುವುದು ನನ್ನ ಕೈಗೆ ಎಟುಕುವ ಮಾತಲ್ಲ. ಆದರೆ ತಮಿಳುನಾಡಿನ ನರಸಿಂಗಂಪೇಟೆಯಲ್ಲಿ ನಾಗಸ್ವರ ಮಾಡುವವರು ಬಳಸುವ ಆಚಾ ಮರ ಅಂದರೆ ಇದೇ ಕಮರ. ಅವರೂ ಹಳೇ ಮನೆಯ ಮರವನ್ನೇ ಹುಡುಕುತ್ತಾರೆ. ನಾಗಸ್ವರಕ್ಕೆ ಆಗುವ ಮರ ಇದಕ್ಕೂ ಆಗಬೇಕು ಅಲ್ವಾ? ಆ ಧೈರ್ಯದಲ್ಲೇ ತೊಲೆ ಮನೆಗೆ ತಂದೆ.

ಒಟ್ಟು 14 ತುಂಡು ಬೇಕು. ಚೀಲಕ್ಕೆ ಕಟ್ಟುವ ಐದು ಗಿಡ್ಡ ಕೊಳವೆ, ಊದುವ ಕೊಳವೆ ಒಂದು, ಬೆರಳಾಡಿಸುವ ಚಾಂಟರ್ ಒಂದು. ಉಳಿದ ಏಳು ತುಂಡು ಸೇರಿ ಮೂರು ಡ್ರೋನ್. ಅವು ನಮ್ಮ ತಂಬೂರಿಯ ಕೆಲಸ ಮಾಡುತ್ತವೆ, ಬಿಡದೆ ಶ್ರುತಿ ಹಿಡಿದಿರುತ್ತವೆ. ತೊಲೆ ಸೀಳಿಸಿ, ತುದಿಗಳಿಗೆ ಮೇಣ ಹಚ್ಚಿ, ಎಂಟು ತಿಂಗಳು ಅಟ್ಟದ ಮೇಲೆ ಬಿಟ್ಟೆ.

ಈ ಕೆಲಸದಲ್ಲಿ ಮೊದಲು ತೂತು, ಆಮೇಲೆ ಮೈ. ಹೊರಗೆ ಚೆಂದವಾಗಿ ಕಡೆದು ಆಮೇಲೆ ಕೊರೆದರೆ ತೂತು ಒಂದು ಕಡೆಗೆ ವಾಲುತ್ತದೆ, ಗೋಡೆ ತೆಳುವಾಗಿ ಸೀಳುತ್ತದೆ. ಕಮರದ ಎಳೆಗಳು ಜಡೆಯ ಹಾಗೆ ಹೆಣೆದುಕೊಂಡಿರುತ್ತವೆ. ಡ್ರಿಲ್ ಬಿಟ್ ಮೆತ್ತಗಿರುವ ಕಡೆಗೆ ಜಾರುತ್ತದೆ. ನನ್ನ ಮೊದಲ ತುಂಡಿನಲ್ಲಿ ನಡುವೆ ಹೊಕ್ಕ ಬಿಟ್ ಇನ್ನೊಂದು ತುದಿಯಲ್ಲಿ 4 ಮಿ.ಮೀ. ಪಕ್ಕಕ್ಕೆ ಬಂತು. ಎರಡನೆಯದರಲ್ಲಿ ಬಿಸಿಗೆ ಮರದೊಳಗಿನ ಅಂಟು ಕರಗಿತು. ಹೊಟ್ಟು ಹಲ್ವದ ಹಾಗೆ ಮೆತ್ತಿಕೊಂಡು ಬಿಟ್ ಒಳಗೇ ಕಚ್ಚಿಕೊಂಡಿತು. ಎಳೆದಾಗ ಮರ ಉದ್ದಕ್ಕೆ ಸೀಳಿತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಆಮೇಲೆ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಗನ್ ಡ್ರಿಲ್ ಸಿಕ್ಕಿತು. ಬಂದೂಕಿನ ನಳಿಗೆ ಕೊರೆಯಲು ಹುಟ್ಟಿದ ಉಪಕರಣ. ಅದರ ಹೊಟ್ಟೆಯೊಳಗಿಂದ ಗಾಳಿ ಹಾಯಿಸಿದರೆ ಹೊಟ್ಟು ತಾನೇ ಹೊರಗೆ ಬರುತ್ತದೆ, ಮರವೂ ತಣ್ಣಗಿರುತ್ತದೆ. ಆದರೂ ಅರ್ಧ ಇಂಚಿಗೊಮ್ಮೆ ಹೊರಗೆಳೆದು ಒರೆಸುತ್ತಿದ್ದೆ. ಬೇಕಾದ್ದಕ್ಕಿಂತ ಸಣ್ಣ ತೂತು ಕೊರೆದು ಮೂರು ವಾರ ಸುಮ್ನೆ ಬಿಟ್ಟೆ. ಅಳೆದು ನೋಡಿದರೆ ದುಂಡಗಿದ್ದ ತೂತು ಚೂರು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಮರ ಹಾಗೆ ಹೊರಳಿ ನಿಂತ ಮೇಲೆಯೇ ಕೊನೆಯ ಅಳತೆಗೆ ತಂದೆ. ದೂಳಿಗೆ ಮಾತ್ರ ಒಳ್ಳೆಯ ಮಾಸ್ಕ್ ಬೇಕೇ ಬೇಕು, ಕಣ್ಣು ಮೂಗು ಎರಡೂ ಉರಿಯುತ್ತವೆ.

ಡ್ರೋನ್‌ನ ತೂತು ನೇರ, ಚಾಂಟರಿನದು ಹಾಗಲ್ಲ. ಮೇಲೆ ಸುಮಾರು 4 ಮಿ.ಮೀ. ಇದ್ದದ್ದು ಕೆಳಗೆ ಹೋಗುತ್ತಾ 20 ಮಿ.ಮೀ. ದಾಟುತ್ತದೆ. ಅದಕ್ಕೆ ತೂತು ಅಗಲಿಸುವ ಮೊನಚಾದ ಉಪಕರಣ, ರೀಮರ್, ಮಾಡಿಸಿ ಕೈಯಲ್ಲೇ ತಿರುಗಿಸಿದೆ. ಒಂದು ಚಾಂಟರಿಗೆ ಎರಡು ಭಾನುವಾರ ಹಿಡಿಯಿತು. ಲೇತ್‌ನಲ್ಲಿ ಹೊರಮೈ ಕಡೆಯುವುದು ಇದರ ಮುಂದೆ ಸುಲಭ. ಉಳಿ ಆಗಾಗ ಮಸೆಯಬೇಕು, ಅಷ್ಟೇ. ಚೇಗಿನ ಕಪ್ಪುಗೆಂಪು ಗೆರೆಗಳು ಎಣ್ಣೆ ಹಚ್ಚಿದ ಕೂಡಲೇ ಎದ್ದು ಬಂದವು. ಚೀಲಕ್ಕೆ ಕುರಿ ಚರ್ಮ ಹೊಲಿಸಿದೆ. ಸದ್ದು ಹುಟ್ಟಿಸುವ ನಾಲಿಗೆಗಳನ್ನು, ಅಂದರೆ ರೀಡ್‌ಗಳನ್ನು, ಕೊಂಡೆ, ಅದು ಬೇರೆಯೇ ವಿದ್ಯೆ.

ಇನ್ನು ಶ್ರುತಿ. ಈ ವಾದ್ಯದ ಷಡ್ಜ ಹಾರ್ಮೋನಿಯಂನ ಕಪ್ಪು ಐದಕ್ಕಿಂತ ಚೂರು ಮೇಲೆ. ಒಂಬತ್ತೇ ಸ್ವರ. ಷಡ್ಜದಿಂದ ಮೇಲಿನ ಷಡ್ಜದವರೆಗೆ ನಮ್ಮ ಹರಿಕಾಂಭೋಜಿ, ಕೆಳಗೊಂದು ನಿಷಾದ. ನಾನು ಟ್ಯೂನರ್ ಆ್ಯಪ್ ನೋಡಿಕೊಂಡು ಗಾಂಧಾರದ ತೂತನ್ನು ಅರ ಹಿಡಿದು ದೊಡ್ಡದು ಮಾಡುತ್ತಾ ಹೋದೆ. ಮುಳ್ಳು ನಡುವೆ ನಿಂತಿತು, ಆದರೆ ಡ್ರೋನ್ ಜೊತೆ ಊದಿದರೆ ಗಾಂಧಾರ ಕಿರಿಕಿರಿ ಅನ್ನಿಸುತ್ತಿತ್ತು. ನಮ್ಮ ಬೀದಿಯಲ್ಲೇ ನಾಗಸ್ವರ ನುಡಿಸುವ ಹಿರಿಯರೊಬ್ಬರಿದ್ದಾರೆ. ಅವರ ಮುಂದೆ ಊದಿದೆ.

“ಗಾಂಧಾರ ಮೇಲಕ್ಕೆ ಹೋಗಿದೆ ಕಣಪ್ಪಾ. ಮುಳ್ಳು ನೋಡ್ಬೇಡ, ಶ್ರುತಿ ಕೇಳು,” ಅಂದರು.

ಅವರು ಹೇಳಿದ್ದು ಸರಿ. ಆ್ಯಪ್ ತೋರಿಸುವುದು ಪಿಯಾನೋದ ಗಾಂಧಾರ. ಡ್ರೋನ್ ಜೊತೆ ಬೆರೆಯುವ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಕೆಳಗೆ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರ 100 ಸೆಂಟ್). ತೂತು ಆಗಲೇ ದೊಡ್ಡದಾಗಿತ್ತು. ಅದರ ಮೇಲಿನ ಅಂಚಿಗೆ ಕಪ್ಪು ಟೇಪಿನ ಸಣ್ಣ ಪಟ್ಟಿ ಅಂಟಿಸಿದೆ, ಪೈಪ್ ಬ್ಯಾಂಡಿನವರೂ ಹಾಗೇ ಮಾಡುತ್ತಾರೆ. ಮತ್ತೆ ಊದಿದೆ. ಕಿರಿಕಿರಿ ಹೋಯಿತು. ಹಿರಿಯರು ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕತೊಡಗಿದರು.