ಮೂರು ಚೌಕ, ಒಂದು ಕಾಗೆ

ಮಂಗಳೂರಿನ ಕಂಕನಾಡಿಯ ಒಂದು ಸಲೂನಿನಲ್ಲಿ, ಕನ್ನಡಿಯ ಮೂಲೆಗೆ, ನನ್ನ ಹಳೆಯ ಕಾರ್ಟೂನ್ ಪಟ್ಟಿಯೊಂದನ್ನು ಅಂಟಿಸಿದ್ದರು. ಪೇಪರು ಹಳದಿಯಾಗಿ ಅಂಚು ಸುರುಟಿಕೊಂಡಿತ್ತು. ಮೊದಲ ಚೌಕದಲ್ಲಿ ರಸ್ತೆ ಅಗೆಯಲು ಬಂದವ ಕೇಳುತ್ತಾನೆ: 'ಅಣ್ಣಾ, ನೀರಿನ ಪೈಪ್ ಎಲ್ಲಿ ಹೋಗ್ತದೆ ಗೊತ್ತುಂಟಾ?' ಎರಡನೆಯದರಲ್ಲಿ ನನ್ನ ಐತಪ್ಪಣ್ಣ ಹೇಳುತ್ತಾನೆ: 'ನೀವು ಅಗೆಯಿರಿ, ಈಗ ಗೊತ್ತಾಗ್ತದೆ.' ಮೂರನೆಯದರಲ್ಲಿ ಮಾತಿಲ್ಲ. ನೀರು ಆಳೆತ್ತರಕ್ಕೆ ಚಿಮ್ಮುತ್ತಿದೆ, ಕಾಗೆ ಸ್ನಾನ ಮಾಡುತ್ತಿದೆ.

ನಾನದನ್ನು ಬರೆದದ್ದು 2006ರಲ್ಲಿ. ಸಲೂನಿನಲ್ಲಿ ನೋಡಿದ್ದು 2018ರಲ್ಲಿ. ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತವರು ಅದನ್ನು ಓದಿ ನಗಾಡಿದರು. 'ಇದು ಇವತ್ತಿನದ್ದಾ?' ಎಂದು ಕೇಳಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. 'ನೀವು ಖುಷಿಪಡುವುದು ಬೇಡ, ಅದಕ್ಕೆ ರಸ್ತೆ ಅಗೆಯುವವರಿಗೆ ಥ್ಯಾಂಕ್ಸ್ ಹೇಳಿ' ಎಂದಳು. ಅರ್ಧ ಸತ್ಯ. ಉಳಿದರ್ಧ ನನಗೆ ಅರ್ಥವಾಗಲು ಹದಿನೇಳು ವರ್ಷ ಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿದ್ದವ. ಚಿತ್ರಕಲೆ ಕಲಿತವನಲ್ಲ. ಅಪ್ಪನ ಟ್ರಂಕಿನಲ್ಲಿ 'ಕೊರವಂಜಿ'ಯ ಹಳೆಯ ಸಂಚಿಕೆಗಳಿದ್ದವು. ರಾಶಿ, ಅಂದರೆ ಡಾಕ್ಟರ್ ಎಂ. ಶಿವರಾಂ, 1942ರಲ್ಲಿ ಶುರು ಮಾಡಿ 1967ರ ತನಕ ನಡೆಸಿದ ನಗೆ ಮಾಸಪತ್ರಿಕೆ. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ದೊಡ್ಡ ಹೆಸರಾಗುವ ಮೊದಲು ಅದಕ್ಕೂ ಚಿತ್ರ ಬರೆದಿದ್ದರು. ಮಳೆಗಾಲದ ರಜೆಯಲ್ಲಿ ಆ ಚಿತ್ರಗಳನ್ನು ನೋಡಿ ನೋಡಿ ಕೈ ತಿದ್ದಿಕೊಂಡೆ. ಬ್ಯಾಂಕಿಗೆ ಸೇರಿದ ಮೇಲೆ ಹಣ ತೆಗೆಯುವ ಸ್ಲಿಪ್ಪಿನ ಹಿಂಬದಿ ನನ್ನ ಸ್ಕೆಚ್ ಪುಸ್ತಕವಾಯಿತು. ಸರದಿಯಲ್ಲಿ ನಿಂತವರ ಮಾತು ಕೇಳಿಸಿಕೊಳ್ಳುವುದು, ಸ್ಲಿಪ್ಪಿನ ಹಿಂದೆ ಗೀಚುವುದು. ಕೌಂಟರಿನಲ್ಲಿ ಕೂತವನನ್ನು ಜನ ಮನುಷ್ಯ ಅಂತ ಲೆಕ್ಕ ಹಾಕುವುದಿಲ್ಲ. ಎದುರೇ ಎಲ್ಲವನ್ನೂ ಮಾತಾಡುತ್ತಾರೆ. ವ್ಯಂಗ್ಯ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲುಂಟು?

2003ರಲ್ಲಿ ಊರಿನ ಒಂದು ಪತ್ರಿಕೆಯವರು ದಿನಕ್ಕೊಂದು ಪಟ್ಟಿ ಕೇಳಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂದ ಊರು ಇದು. ಹಾಗಾಗಿ ಎದೆ ಉಬ್ಬಿಸಿಕೊಂಡು ಒಪ್ಪಿದೆ. ಎದೆ ಇಳಿಯಲು ಹನ್ನೆರಡು ದಿನ ಸಾಕಾಯಿತು. ಕೈಯಲ್ಲಿದ್ದ ಹನ್ನೆರಡು ಜೋಕು ಖಾಲಿ.

ಮೊದಲ ವರ್ಷ ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಮಂತ್ರಿಗಳ ಮುಖ ಬರೆದೆ. ಮೂಗು ಉದ್ದ, ಹೊಟ್ಟೆ ದಪ್ಪ, ಕುರ್ಚಿಗೆ ಅಂಟು. ಮುಖ ಹೋಲಿದರೆ ಜನ 'ಭಾರೀ ಲಾಯಕ್ ಬರೆದಿದ್ದೀರಿ' ಅನ್ನುತ್ತಿದ್ದರು, ಹೋಲದಿದ್ದರೆ 'ಇದು ಯಾರು?' ಎಂದು ಕೇಳುತ್ತಿದ್ದರು. ಜೋಕಿನ ಬಗ್ಗೆ ಯಾರೂ ಮಾತೆತ್ತುತ್ತಿರಲಿಲ್ಲ. ಒಬ್ಬ ರಾಜಕಾರಣಿಯಂತೂ ಫೋನ್ ಮಾಡಿ ಜೋರಾಗಿ ನಕ್ಕು, ಒರಿಜಿನಲ್ ಕೊಡಿ, ಫ್ರೇಮ್ ಹಾಕಿಸುತ್ತೇನೆ ಎಂದರು. ಕೊಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಚುಚ್ಚಲು ಹೋದವ ಹಾರ ಹಾಕಿ ಬಂದ ಹಾಗಾಗಿತ್ತು.

ಈಗ ಆ ಮೊದಲ ವರ್ಷದ ಪಟ್ಟಿಗಳನ್ನು ತೆಗೆದು ನೋಡಿದರೆ ನನಗೇ ಅರ್ಥವಾಗುವುದಿಲ್ಲ. ಯಾವ ಹಗರಣ, ಯಾವ ಖಾತೆ, ಯಾಕೆ ಅಷ್ಟು ಸಿಟ್ಟು? ಮುಖ ಹಳತಾಗಿದೆ, ಜೋಕು ಅದರ ಜೊತೆಗೇ ಹೋಗಿದೆ.

ಐತಪ್ಪಣ್ಣ ಹುಟ್ಟಿದ್ದು ಜೋಕು ಸಿಗದ ಒಂದು ಸಂಜೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜ ಬಂದ ಬಸ್ಸಿಗೆಲ್ಲ ಕೈ ಅಡ್ಡ ಹಿಡಿದು, ಕಂಡಕ್ಟರ್ ಹತ್ತಿರ ಮಾತಾಡಿ, ಹತ್ತದೆ ವಾಪಸು ಬರುತ್ತಿದ್ದರು. ಅರ್ಧ ಗಂಟೆ ನೋಡಿದೆ. ಅವರಿಗೆ ಎಲ್ಲಿಗೂ ಹೋಗಲಿಕ್ಕಿರಲಿಲ್ಲ, ಸುದ್ದಿ ಬೇಕಿತ್ತು ಅಷ್ಟೆ. ಅವರನ್ನು ಹಂಚಿನ ಕಾರ್ಖಾನೆಯಿಂದ ರಿಟೈರ್ ಆದವರನ್ನಾಗಿ ಮಾಡಿ, ಒಂದು ಕೊಡೆ ಕೊಟ್ಟು, ಬಸ್ ಶೆಲ್ಟರ್ ಕೆಳಗೆ ನಿಲ್ಲಿಸಿದೆ. ಮೀನಿನ ಬುಟ್ಟಿಯ ಗಿರಿಜಕ್ಕ ಆಮೇಲೆ ಬಂದಳು. ಕಾಗೆ ಬಂದದ್ದು ಮಾತ್ರ ಸುಮ್ನೆ. ಶೆಲ್ಟರಿನ ಮೇಲೆ ಜಾಗ ಖಾಲಿ ಕಾಣುತ್ತಿತ್ತು, ಒಂದು ಕಾಗೆ ಕೂರಿಸಿದೆ. ನನ್ನ ಇಡೀ ಪಟ್ಟಿಯಲ್ಲಿ ಜಾಸ್ತಿ ಅಭಿಮಾನಿಗಳಿದ್ದದ್ದು ಅದಕ್ಕೇ.

ಕಾಗೆ ಒಂದು ದಿನವೂ ಮಾತಾಡಲಿಲ್ಲ. ಇದು ನನ್ನ ಬುದ್ಧಿವಂತಿಕೆ ಅಲ್ಲ, ಲಕ್ಷ್ಮಣ್ ಅವರಿಂದ ಎತ್ತಿದ್ದು. 1951ರಲ್ಲಿ ಶುರುವಾದ ಅವರ ಚಿತ್ರಮಾಲೆಯಲ್ಲಿ ಚೌಕಳಿ ಕೋಟಿನ ಆ ಸಾಮಾನ್ಯ ಮನುಷ್ಯ ಎಲ್ಲ ಕಡೆ ನಿಂತು ನೋಡುತ್ತಾನೆ, ಬಾಯಿ ಬಿಡುವುದಿಲ್ಲ. ಅವನು ಸುಮ್ಮನಿರುವುದರಿಂದಲೇ ಓದುವವ ತನ್ನ ಮಾತನ್ನು ಅವನ ಬಾಯಿಗೆ ಹಾಕಿಕೊಳ್ಳುತ್ತಾನೆ. ಪ್ರಧಾನಿಗಳು ಬದಲಾದರು, ಅವನ ಕೋಟು ಬದಲಾಗಲಿಲ್ಲ.

ಇನ್ನು ಕೆಲಸದ ವಿಷಯ. ಅಚ್ಚಿನಲ್ಲಿ ನನ್ನ ಪಟ್ಟಿ ನಾಲ್ಕು ಕಾಲಂ ಅಗಲ, ಸುಮಾರು 16 ಸೆಂಟಿಮೀಟರ್. ಎತ್ತರ 5. ನಾನು ಅದರ ಎರಡು ಪಟ್ಟು ದೊಡ್ಡದಾಗಿ ಬರೆಯುತ್ತಿದ್ದೆ. ಅಚ್ಚಿಗೆ ಅರ್ಧಕ್ಕೆ ಇಳಿಸಿದಾಗ ಕೈ ನಡುಗಿದ್ದು ಕಾಣುವುದಿಲ್ಲ. ಆದರೆ ಸಣ್ಣ ಗೆರೆಗಳೂ ಕಾಣುವುದಿಲ್ಲ, ಇದು ಗೊತ್ತಾಗಲು ಒಂದು ತಿಂಗಳು ಹೋಯಿತು. ಗಿರಿಜಕ್ಕನ ಸೀರೆಗೆ ಗಂಟೆಗಟ್ಟಲೆ ಕೂತು ಹಾಕಿದ ಚುಕ್ಕಿಗಳೆಲ್ಲ ಅಚ್ಚಿನಲ್ಲಿ ಒಂದು ಕಪ್ಪು ಮುದ್ದೆ.

ನಿಜವಾದ ತಲೆನೋವು ಅಕ್ಷರದ್ದು. ಇಂಗ್ಲಿಷಿನವರು ದೊಡ್ಡಕ್ಷರದಲ್ಲಿ ಸಾಲು ಮೇಲೆ ಸಾಲು ಒತ್ತಿ ಬರೆದುಬಿಡುತ್ತಾರೆ. ಕನ್ನಡದಲ್ಲಿ ಹಾಗಾಗುವುದಿಲ್ಲ. ಕೆಳಗೆ ಒತ್ತಕ್ಷರ ಇಳಿಯುತ್ತದೆ, ಮೇಲೆ ಗುಡಿಸು ಏಳುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಕುಟ್ಟುತ್ತದೆ. ಒಮ್ಮೆ 'ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ' ಎಂದು ಬರೆಯಲು ಹೋಗಿ ಮಾತಿನ ಬಲೂನು ಉಬ್ಬಿ, ಐತಪ್ಪಣ್ಣನ ತಲೆಗೇ ಜಾಗ ಇಲ್ಲದಾಯಿತು. ಅಂದಿನಿಂದ ಅದು 'ಹೈವೇಯವರು'. ನನ್ನ ಭಾಷೆ ಸರಳವಾದದ್ದಕ್ಕೆ ಯಾರಾದರೂ ಹೊಗಳಿದರೆ ಒತ್ತಕ್ಷರಕ್ಕೆ ಕೈ ಮುಗಿಯುತ್ತೇನೆ. ಮೂರು ಚೌಕಕ್ಕೆ ಒಟ್ಟು ಇಪ್ಪತ್ತೈದು ಶಬ್ದ, ಅದರ ಮೇಲೆ ಒಂದೂ ಇಲ್ಲ ಎಂದು ನಿಯಮ ಮಾಡಿಕೊಂಡೆ.

ಮಳೆಗಾಲದ ಕಥೆ ಬೇರೆ. ಜುಲೈಯಲ್ಲಿ ಡ್ರಾಯಿಂಗ್ ಶೀಟು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಶಾಯಿ ಇಟ್ಟಲ್ಲಿ ನಿಲ್ಲುವುದಿಲ್ಲ, ಬೇರು ಬಿಡುತ್ತದೆ. ಶೀಟುಗಳನ್ನು ಅಡಿಗೆಮನೆಯಲ್ಲಿ, ಒಲೆಯ ಮೇಲಿನ ಹಲಗೆಯಲ್ಲಿ ಇಡುತ್ತಿದ್ದೆ. ಹಾಗಾಗಿ ನನ್ನ ಕೆಲವು ಒರಿಜಿನಲ್‌ಗಳಿಗೆ ಈಗಲೂ ಒಗ್ಗರಣೆಯ ಪರಿಮಳ ಉಂಟು.

ಮೂರನೇ ಚೌಕ ಹೇಗಿರಬೇಕು ಎಂದು ಕಲಿತದ್ದು ಯಕ್ಷಗಾನದ ಹಾಸ್ಯಗಾರರಿಂದ. ರಾಜ ಸಿಂಹಾಸನದಲ್ಲಿ ಗರ್ಜಿಸುತ್ತಿರುತ್ತಾನೆ. ದೂತನ ವೇಷದವ ಬಂದು, ಪುರಾಣದ ನಡುವೆಯೇ, ಊರಿನ ಕರೆಂಟ್ ಹೋದ ವಿಷಯ ಹೇಳುತ್ತಾನೆ. ಒಳ್ಳೆಯ ಹಾಸ್ಯಗಾರ ಆ ಮಾತನ್ನು ಪ್ರೇಕ್ಷಕರ ಕಡೆ ತಿರುಗಿ ಹೇಳುವುದಿಲ್ಲ. ಹೊರಡುತ್ತಾ, ಅರ್ಧ ಬೆನ್ನು ಹಾಕಿ, ಬಿಟ್ಟು ಹೋಗುತ್ತಾನೆ. ನಗು ಏಳುವಾಗ ಅವನು ಅಲ್ಲಿರುವುದಿಲ್ಲ, ರಾಜ ಒಬ್ಬನೇ ಇರುತ್ತಾನೆ. ನಾನೂ ಹಾಗೆಯೇ ಮಾಡತೊಡಗಿದೆ. ಮೂರನೇ ಚೌಕದ ಮಾತು ಬರೆದ ಮೇಲೆ ಕೊನೆಯ ವಾಕ್ಯ ಹೊಡೆದುಹಾಕುತ್ತಿದ್ದೆ. ಹತ್ತರಲ್ಲಿ ಏಳು ಸಲ ಜೋಕು ಮೇಲಾಗುತ್ತಿತ್ತು. ಉಳಿದ ಮೂರು ಸಲ ಅಲ್ಲಿ ಜೋಕೇ ಇರಲಿಲ್ಲ ಎಂದು ಗೊತ್ತಾಗುತ್ತಿತ್ತು.

ದಿನಾ ವಿಷಯ ಎಲ್ಲಿಂದ ಸಿಗುತ್ತದೆ ಎಂದು ಕೇಳುತ್ತಾರೆ. ಕ್ಯಾಲೆಂಡರ್ ಸಾಕು ಮಾರಾಯ್ರೆ. ಏಪ್ರಿಲ್, ಮೇಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಎಷ್ಟು ಉಳಿದಿದೆ ಎಂಬ ಚಿಂತೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆ 61 ದಿನ ಬಂಗುಡೆಯ ರೇಟು ಚಿನ್ನದ ರೇಟಿನ ಹಾಗೆ ಮಾತಿನ ವಸ್ತು. ಆಟಿ ತಿಂಗಳಲ್ಲಿ ಪತ್ರೊಡೆ. ನವರಾತ್ರಿಗೆ ಹುಲಿವೇಷ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿಯ ಪರ್ಯಾಯ ಇದ್ದರೆ ಕಾಗೆ ಉಡುಪಿಗೆ ಹೋಗಿ ಹೊಸ ಡಾಮರಿನ ಮೇಲೆ ನಡೆದು ಬರುತ್ತಿತ್ತು. ಓದುವವರಿಗೆ ಇದೆಲ್ಲ ಮೊದಲೇ ಗೊತ್ತು. ಗೊತ್ತಿರುವುದು ಮತ್ತೆ ಬರುತ್ತದೆ ಎಂದು ಕಾಯುವುದರಲ್ಲೇ ಅರ್ಧ ಸುಖ. ಪಟ್ಟಿ ಓದುವವರು ಹೊಸದಕ್ಕಾಗಿ ಓದುತ್ತಾರೆ ಎಂದು ನಾನು ನಂಬುವುದಿಲ್ಲ.

ಪಂಪ್‌ವೆಲ್ ಫ್ಲೈಓವರ್ ವರ್ಷಗಟ್ಟಲೆ ಮುಗಿಯದೆ ನನ್ನನ್ನು ಸಾಕಿತು. ಕೈ ಖಾಲಿಯಾದ ದಿನ ಐತಪ್ಪಣ್ಣನನ್ನು ಅದರ ಕೆಳಗೆ ನಿಲ್ಲಿಸಿದರೆ ಆಯಿತು, ಏನಾದರೊಂದು ಹೇಳುತ್ತಿದ್ದ. 2020ರ ಜನವರಿ ಕೊನೆಗೆ ಅದು ಉದ್ಘಾಟನೆ ಆಗಿಯೇ ಹೋಯಿತು. ನನ್ನ ಡ್ರಾಯರಿನಲ್ಲಿ ಬರೆದಿಟ್ಟ ನಾಲ್ಕು ಜೋಕು ಹಾಳಾದವು. ಆ ವಾರ ಗೆಳೆಯರು ಫೋನ್ ಮಾಡಿ, ಮನೆಯಲ್ಲಿ ಯಾರೋ ತೀರಿಕೊಂಡವರ ಹಾಗೆ, 'ಇನ್ನು ನೀವು ಎಂತ ಮಾಡ್ತೀರಿ?' ಎಂದು ಕೇಳಿದರು.

ಕೊಡೆಯ ಕಥೆ ಹೇಳದಿದ್ದರೆ ಆಗುವುದಿಲ್ಲ. ಒಂದು ಮಳೆಗಾಲದ ಆರಂಭದಲ್ಲಿ ಪಟ್ಟಿಗೆ ಒಬ್ಬ ಮುಖಂಡನನ್ನು ತಂದೆ. ಬಿಳಿ ಲುಂಗಿ, ಬೆರಳಿಗೆ ಮೂರು ಉಂಗುರ. ಮುಖ ಊರಿನ ಒಬ್ಬರ ಹಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಎರಡನೇ ದಿನ ಸಂಪಾದಕರು ಕರೆದರು. 'ಜೋಕು ಇರಲಿ, ಮುಖ ಬೇಡ' ಎಂದರು. ನನಗೆ ಆಗ ನೆನಪಾದದ್ದು ಬಾಂಬೆಯ ಮಾವ ತಂದುಕೊಟ್ಟ ಹಳೆಯ ಪುಸ್ತಕದಲ್ಲಿ ಓದಿದ ಅಮೆರಿಕದ ವಾಲ್ಟ್ ಕೆಲ್ಲಿಯ ಕಥೆ. 1950ರ ದಶಕದಲ್ಲಿ ಆತ ತನ್ನ 'ಪೋಗೋ' ಪಟ್ಟಿಯಲ್ಲಿ ಸೆನೆಟರ್ ಮೆಕಾರ್ಥಿಯನ್ನು ಕಾಡುಬೆಕ್ಕು ಮಾಡಿದ್ದ. ಪ್ರಾವಿಡೆನ್ಸ್ ಊರಿನ ಪತ್ರಿಕೆಯೊಂದು, ಆ ಮುಖ ಇನ್ನೊಮ್ಮೆ ಕಂಡರೆ ಪಟ್ಟಿ ನಿಲ್ಲಿಸುತ್ತೇವೆ ಎಂದಿತು. ಕೆಲ್ಲಿ ಕಾಡುಬೆಕ್ಕಿನ ತಲೆಗೆ ಒಂದು ಚೀಲ ಮುಚ್ಚಿದ. ಮುಖ ಕಾಣಲಿಲ್ಲ, ಪಟ್ಟಿ ನಡೆಯಿತು.

ನಮ್ಮಲ್ಲಿ ಚೀಲ ಯಾಕೆ, ಕೊಡೆ ಇಲ್ಲವಾ? ಮರುದಿನದಿಂದ ಮುಖಂಡ ಕೊಡೆಯ ಕೆಳಗೆ. ಕಾಣುವುದು ಲುಂಗಿ, ಉಂಗುರ, ಚಪ್ಪಲಿ ಮಾತ್ರ. ಜೂನ್ ಹೋಯಿತು, ಸೆಪ್ಟೆಂಬರ್ ಹೋಯಿತು. ಅಕ್ಟೋಬರಿನ ಬಿಸಿಲಿನಲ್ಲಿ ಸಂಪಾದಕರು, 'ಇನ್ನೂ ಕೊಡೆಯಾ?' ಎಂದರು. 'ಹಿಂಗಾರು ಉಂಟಲ್ವಾ ಸರ್' ಎಂದೆ. ಅವರೂ ನಕ್ಕರು.

ಆಮೇಲೆ ಚುನಾವಣೆ ಬಂತು. ನನ್ನ ಮನಸ್ಸಿನಲ್ಲಿದ್ದವರು ಸೋತರು, ಬೇರೆಯವರು ಗೆದ್ದರು. ಕೊಡೆಯವನನ್ನು ತೆಗೆಯಬೇಕೆಂದಿದ್ದೆ. ಅಷ್ಟರಲ್ಲಿ ಬ್ಯಾಂಕಿನ ಸರದಿಯಲ್ಲಿ ಇಬ್ಬರು ಮಾತಾಡುವುದು ಕೇಳಿಸಿತು. ಒಬ್ಬರಿಗೆ ಕೊಡೆಯ ಕೆಳಗೆ ಇರುವುದು ಹೊಸಬರೇ ಎಂದು ಗ್ಯಾರಂಟಿ. ಇನ್ನೊಬ್ಬರು ಒಪ್ಪಲಿಲ್ಲ. 'ಅಲ್ಲಲ್ಲ, ಅದು ನಮ್ಮ ಸೊಸೈಟಿಯ ಅಧ್ಯಕ್ಷ, ಚಪ್ಪಲಿ ನೋಡಿ' ಎಂದರು. ನಾನು ನೋಟು ಎಣಿಸುವುದನ್ನು ತಪ್ಪಿದೆ. ಮುಖ ಬರೆದಾಗ ಒಬ್ಬರೇ ಸಿಕ್ಕಿಬೀಳುತ್ತಿದ್ದರು. ಮುಖ ಮುಚ್ಚಿದ ಮೇಲೆ ಪ್ರತಿ ಓದುಗನೂ ತನ್ನ ಮುಖಂಡನನ್ನು ತಾನೇ ತಂದು ನಿಲ್ಲಿಸುತ್ತಿದ್ದ. ಸಂಪಾದಕರು ಮುಖ ಬೇಡ ಎಂದು ನನಗೆ ಉಪಕಾರವನ್ನೇ ಮಾಡಿದ್ದರು. ಇದನ್ನು ಅವರಿಗೆ ಯಾವತ್ತೂ ಹೇಳಲಿಲ್ಲ.

ಒಂದು ಸಲ ಮಾತ್ರ ನಾನು ನಿಜವಾಗಿ ತಪ್ಪಿದೆ. ಗಿರಿಜಕ್ಕ ತೂಕದಲ್ಲಿ ಮೋಸ ಮಾಡುವ ಹಾಗೆ ಒಂದು ಪಟ್ಟಿ ಬರೆದೆ. ಸುಲಭದ ಜೋಕು, ಹತ್ತು ನಿಮಿಷದ ಕೆಲಸ. ಆ ಶನಿವಾರ ಮೀನು ಮಾರುಕಟ್ಟೆಗೆ ಹೋದಾಗ ನಾನು ಯಾವಾಗಲೂ ಬೂತಾಯಿ ತೆಗೆದುಕೊಳ್ಳುವ ಅಕ್ಕ ಪೇಪರಿನ ಆ ತುಂಡನ್ನು ತಕ್ಕಡಿಯ ಕೆಳಗಿಂದ ತೆಗೆದರು. ತುಳುವಿನಲ್ಲಿ ಬೈದರು. ಬೆಳಿಗ್ಗೆ ಮೂರಕ್ಕೆ ಎದ್ದು ಬಂದರಿನ ಧಕ್ಕೆಗೆ ಹೋಗುವವರು ನಾವು, ಅಲ್ಲಿ ರೇಟು ಮಾಡುವವರ ಬಗ್ಗೆ ಬರೆಯಲು ನಿಮಗೆ ಧೈರ್ಯ ಇಲ್ಲ, ನಾವು ಸಿಕ್ಕಿದೆವಾ ಎಂದು. ಸುತ್ತಲಿದ್ದವರು ನೋಡುತ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರದ ಪಟ್ಟಿಯಲ್ಲಿ ಗಿರಿಜಕ್ಕ ಒಂದು ಇಡೀ ಅಂಜಲ್ ಮೀನು ಹಿಡಿದು ಕೊಡೆಯವನನ್ನು ಅಟ್ಟಿಸಿಕೊಂಡು ಹೋದಳು. ಅಕ್ಕ ಏನೂ ಹೇಳಲಿಲ್ಲ, ಆದರೆ ಬೂತಾಯಿ ಕೊಟ್ಟರು.

2020ರಲ್ಲಿ ಲಾಕ್‌ಡೌನ್ ಬಂತು, ಪೇಪರಿನ ಪುಟ ಕಡಿಮೆಯಾಯಿತು, ನನ್ನ ನಾಲ್ಕು ಕಾಲಂ ಹೋಯಿತು. ದೂರಿಲ್ಲ. ಬ್ಯಾಂಕಿನಿಂದಲೂ ರಿಟೈರ್ ಆದೆ. ಈಗ ಮೊಬೈಲಿಗೆ ಬರೆಯುತ್ತೇನೆ, ವಾರಕ್ಕೊಂದು. ಅಡ್ಡ ಪಟ್ಟಿಯನ್ನು ಫೋನಿನಲ್ಲಿ ಓದಲಿಕ್ಕಾಗುವುದಿಲ್ಲ, ಹಾಗಾಗಿ ಮೂರು ಚೌಕವನ್ನು ಒಂದರ ಕೆಳಗೆ ಒಂದು ಜೋಡಿಸುತ್ತೇನೆ. ಅಕ್ಷರ ದೊಡ್ಡದಾಗಬೇಕು, ಶಬ್ದ ಹದಿನೈದಕ್ಕೆ ಇಳಿದಿದೆ.

ಮೊನ್ನೆ ಮಾರುಕಟ್ಟೆಗೆ ಹೋಗಿದ್ದೆ. ಅಕ್ಕನಿಗೆ ಈಗ ವಯಸ್ಸಾಗಿದೆ, ಪಕ್ಕದಲ್ಲಿ ಸೊಸೆ ಕೂರುತ್ತಾಳೆ. ನನ್ನನ್ನು ಕಂಡದ್ದೇ ಅಕ್ಕ, 'ಕಕ್ಕೆ ಓಲು?' ಎಂದರು. ಕಾಗೆ ಎಲ್ಲಿ, ಪೇಪರಿನಲ್ಲಿ ಕಾಣುವುದಿಲ್ಲವಲ್ಲ, ಸತ್ತಿತಾ?

ಇಲ್ಲ, ಈಗ ಮೊಬೈಲಿನಲ್ಲಿ ಬರುತ್ತದೆ ಎಂದೆ. ಸೊಸೆಯ ಫೋನಿನಲ್ಲಿ ತೆಗೆದು ತೋರಿಸಿದೆ. ಅಕ್ಕ ಫೋನನ್ನು ದೂರ ಹಿಡಿದು, ಕಣ್ಣು ಸಣ್ಣ ಮಾಡಿ ಮೂರೂ ಚೌಕ ನೋಡಿದರು. ನಗಲಿಲ್ಲ. ನನ್ನ ಅರ್ಧ ಕಿಲೋ ಬಂಗುಡೆ ತೂಗಿ ಚೀಲಕ್ಕೆ ಹಾಕಿದ ಮೇಲೆ, ಬುಟ್ಟಿಯಿಂದ ಇನ್ನೊಂದು ತೆಗೆದು ಅದರ ಮೇಲೆ ಎಸೆದರು.

'ಇದು ನಿಮಗಲ್ಲ' ಎಂದರು. 'ಕಕ್ಕೆಗೆ.'